ಪಠ್ಯದಿಂದ ದಿನಾಂಕಕ್ಕೆ: ಯಾವ ಪಾರ್ಸರ್ ಆರಿಸಬೇಕು, ಯಾಕೆ

03/04/2024 ಎಂಬ ಸ್ಟ್ರಿಂಗ್ ಒಬ್ಬರಿಗೆ ಏಪ್ರಿಲ್ 3, ಇನ್ನೊಬ್ಬರಿಗೆ ಮಾರ್ಚ್ 4. ಪ್ರತಿ ತಿಂಗಳ ಮೊದಲ 12 ದಿನಗಳದ್ದೂ ಇದೇ ಪಾಡು. ಲೆಕ್ಕ ಹಾಕಿದರೆ ವರ್ಷಕ್ಕೆ ಇಂಥ 144 ದಿನಾಂಕಗಳು ಸಿಗುತ್ತವೆ. ಅದರಲ್ಲಿ 01/01, 02/02ರ ಥರದ 12ನ್ನು ಹೇಗೆ ಓದಿದರೂ ಒಂದೇ ಉತ್ತರ. ಉಳಿದ 132 ದಿನಗಳಲ್ಲಿ ದಿನ ಮತ್ತು ತಿಂಗಳು ಅದಲುಬದಲಾದರೆ ಪ್ರೋಗ್ರಾಂ ತುಟಿ ಪಿಟಕ್ ಎನ್ನುವುದಿಲ್ಲ. ಎರಡೂ ಓದು ಅದಕ್ಕೆ ಸರಿಯಾದ ದಿನಾಂಕವೇ. ವರ್ಷದ ಮೂರನೇ ಒಂದು ಪಾಲಿಗಿಂತ ಹೆಚ್ಚು ದಿನ ಸದ್ದಿಲ್ಲದೆ ತಪ್ಪಬಹುದು ಎಂದಾಯಿತು.

ಆದ್ದರಿಂದ ಇಲ್ಲಿ ಆಯ್ಕೆಗಳನ್ನು ಅಳೆಯಲು ಒಂದೇ ಕೋಲು ಇಟ್ಟುಕೊಂಡಿದ್ದೇವೆ: ಹೊಂದದ ಪಠ್ಯ ಬಂದಾಗ ಈ ಪಾರ್ಸರ್, ಅಂದರೆ ಪಠ್ಯವನ್ನು ಓದಿ ದಿನಾಂಕವಾಗಿ ಬದಲಿಸುವ ಕೋಡ್, ನಿರಾಕರಿಸುತ್ತದೆಯೇ, ಅಥವಾ ತಾನೇ ಏನೋ ಊಹಿಸಿ ಮುಂದೆ ಹೋಗುತ್ತದೆಯೇ? ಎಕ್ಸೆಪ್ಶನ್ (ಪ್ರೋಗ್ರಾಂ ಅಲ್ಲೇ ಎಸೆಯುವ ದೋಷ) ಬಂದರೆ ಅದೇ ಹೊತ್ತಿಗೆ ಕಣ್ಣಿಗೆ ಬೀಳುತ್ತದೆ. ತಪ್ಪು ದಿನಾಂಕ ಡೇಟಾಬೇಸ್ ಸೇರಿಕೊಂಡರೆ ಅದನ್ನು ಯಾರಾದರೂ ಪತ್ತೆ ಹಚ್ಚುವ ಹೊತ್ತಿಗೆ ಅದರ ಮೇಲೆ ಬಡ್ಡಿ ಲೆಕ್ಕ, ವಯಸ್ಸಿನ ಲೆಕ್ಕ, ವರದಿ ಎಲ್ಲ ಕಟ್ಟಿಕೊಂಡಿರುತ್ತವೆ.

ಓದುವ ಮೊದಲು ಒಂದು ಮಾತು. ಪಠ್ಯದ ರೂಪವನ್ನು ಅಕ್ಷರಗಳಲ್ಲಿ ಹೇಳುವ ಪ್ಯಾಟರ್ನ್‌ಗಳಲ್ಲಿ ಅಕ್ಷರದ ಗಾತ್ರ ಬದಲಾದರೆ ಅರ್ಥವೇ ಬದಲಾಗುತ್ತದೆ. ಹಾಗಾಗಿ ಕ್ಯಾಪಿಟಲ್ ಅಕ್ಷರವನ್ನು ‘ದೊಡ್ಡ ಎಂ’ ಎಂದೂ ಸ್ಮಾಲ್ ಅಕ್ಷರವನ್ನು ‘ಸಣ್ಣ ಎಂ’ ಎಂದೂ ಬಿಡಿಸಿ ಹೇಳಿದ್ದೇವೆ.

ಪಾರ್ಸರ್‌ಗಿಂತ ಮೊದಲು ಟೈಪ್

ಯಾವ ಮೆಥಡ್ ಕರೆಯಬೇಕು ಎನ್ನುವ ಮೊದಲು ಆ ಪಠ್ಯ ಏನನ್ನು ಹೇಳುತ್ತಿದೆ ಎಂದು ನೋಡಿ. ಹುಟ್ಟಿದ ದಿನ, ಬಿಲ್ಲಿನ ದಿನ, ರಜೆಯ ದಿನ: ಇವಕ್ಕೆ ಗಂಟೆಯೂ ಇಲ್ಲ, ಟೈಮ್‌ಝೋನೂ ಇಲ್ಲ. ಜಾವಾದ ಲೋಕಲ್‌ಡೇಟ್, ಸಿ ಶಾರ್ಪ್‌ನ ಡೇಟ್‌ಓನ್ಲಿ, ಪೈಥಾನಿನ ಡೇಟ್ ಇವಕ್ಕೆಂದೇ ಇವೆ. ಲಾಗ್‌ನಲ್ಲಿ ಬರುವ ಸಮಯ, ಹಣ ಪಾವತಿಯಾದ ಕ್ಷಣ ಇವು ಬೇರೆ ಜಾತಿ. ಅವು ಭೂಮಿಯ ಮೇಲೆ ಎಲ್ಲರಿಗೂ ಒಂದೇ ಆಗಿರುವ ಕ್ಷಣಗಳು, ಆಫ್‌ಸೆಟ್ (ಯುಟಿಸಿ ಎಂಬ ಜಾಗತಿಕ ಸಮಯಮಾನಕ್ಕಿಂತ ಎಷ್ಟು ಹಿಂದೆ ಅಥವಾ ಮುಂದೆ ಎಂಬ ಅಂಕಿ) ಇಲ್ಲದೆ ಅವಕ್ಕೆ ಅರ್ಥವಿಲ್ಲ. ಅವಕ್ಕೆ ಜಾವಾದಲ್ಲಿ ಇನ್‌ಸ್ಟಂಟ್ ಅಥವಾ ಆಫ್‌ಸೆಟ್‌ಡೇಟ್‌ಟೈಮ್, ಸಿ ಶಾರ್ಪ್‌ನಲ್ಲಿ ಡೇಟ್‌ಟೈಮ್‌ಆಫ್‌ಸೆಟ್.

ಇವೆರಡನ್ನು ಕಲಸಿದಾಗ ಹುಟ್ಟುವ ದೋಷವೇ ‘ಒಂದು ದಿನ ಹಿಂದೆ’. ಹುಟ್ಟಿದ ದಿನವನ್ನು ಯುಟಿಸಿಯ ಮಧ್ಯರಾತ್ರಿ ಎಂದು ಇಟ್ಟು, ಯುಟಿಸಿಗಿಂತ ಐದು ಗಂಟೆ ಹಿಂದಿರುವ ವಲಯದಲ್ಲಿ ತೋರಿಸಿದರೆ ಅದು ಹಿಂದಿನ ದಿನ ಸಂಜೆ ಏಳು ಗಂಟೆ. ಇದರಲ್ಲಿ ಪಾರ್ಸರ್‌ನ ತಪ್ಪೇನೂ ಇಲ್ಲ. ಗಂಟೆಯೇ ಇಲ್ಲದ ಸಂಗತಿಗೆ ನಾವೇ ಗಂಟೆ ಅಂಟಿಸಿದ್ದರ ಫಲ ಅದು.

ಝೋನ್ ಹೆಸರಿನ ಮೂರಕ್ಷರದ ಸಂಕ್ಷೇಪಗಳನ್ನೂ ನಂಬಬೇಡಿ. ಐಎಸ್‌ಟಿ ಎಂದರೆ ಭಾರತದ್ದೂ ಆಗಬಹುದು, ಐರ್ಲೆಂಡಿನದೂ ಆಗಬಹುದು, ಇಸ್ರೇಲಿನದೂ ಆಗಬಹುದು. ಕಳಿಸುವವರ ಹತ್ತಿರ +05:30ರಂಥ ಅಂಕಿಯ ಆಫ್‌ಸೆಟ್ ಕೇಳಿ ಪಡೆಯಿರಿ.

ಜಾವಾ: ಹಳೆಯದು, ಹೊಸದು, ಹೊಸದರೊಳಗಿನ ಬಲೆ

ಸಿಂಪಲ್‌ಡೇಟ್‌ಫಾರ್ಮ್ಯಾಟ್ ಜಾವಾ 1.1ರ ಕಾಲದ್ದು. ಇಂದಿಗೂ ಹಳೆಯ ಕೋಡಿನಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಹೊಸ ಕೋಡಿನಲ್ಲಿ ಅದನ್ನು ಬಳಸಲು ಒಂದೂ ಕಾರಣವಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಯಾಕೆಂದು ಹತ್ತಿರದಿಂದ ನೋಡೋಣ.

ಅದು ಹುಟ್ಟಿನಿಂದಲೇ ಸಡಿಲ. ದಿನ/ತಿಂಗಳು/ವರ್ಷ ಪ್ಯಾಟರ್ನ್ ಇಟ್ಟು 31/02/2024 ಕೊಟ್ಟರೆ ಮಾರ್ಚ್ 2 ಬರುತ್ತದೆ. ತಿಂಗಳು/ದಿನ/ವರ್ಷ ಪ್ಯಾಟರ್ನ್ ಇಟ್ಟು 15/03/2024 ಕೊಟ್ಟರೆ ‘2024ರ ಹದಿನೈದನೇ ತಿಂಗಳು’ ಎಂದು ಎಣಿಸಿ 2025ರ ಮಾರ್ಚ್ 3 ಕೊಡುತ್ತದೆ. ಇನ್ನೂ ಘೋರ ಪ್ರಸಂಗವೆಂದರೆ, ವರ್ಷ-ತಿಂಗಳು-ದಿನ ಪ್ಯಾಟರ್ನ್‌ಗೆ 15-03-2024 ಸಿಕ್ಕಾಗ. 15 ಎಂಬುದು ಇಸವಿ, 03 ತಿಂಗಳು, 2024 ಎಂಬುದು ದಿನ! ಮಾರ್ಚ್ 1ರಿಂದ ಎರಡು ಸಾವಿರ ಚಿಲ್ಲರೆ ದಿನ ಮುಂದೆ ಎಣಿಸಿ, ಕ್ರಿಸ್ತಶಕ 20ನೇ ಇಸವಿಯ ಸೆಪ್ಟೆಂಬರ್‌ಗೆ ಹೋಗಿ ನಿಲ್ಲುತ್ತದೆ. ಎಕ್ಸೆಪ್ಶನ್ ಮಾತ್ರ ಇಲ್ಲ. ಡೇಟಾಬೇಸ್‌ನಲ್ಲಿ 0020 ಎಂಬ ಇಸವಿ ಕಂಡರೆ ಬಹುಪಾಲು ಇದೇ ಕಥೆ.

ಸೆಟ್‌ಲೀನಿಯಂಟ್ ಮೆಥಡ್‌ಗೆ ಫಾಲ್ಸ್ ಕೊಟ್ಟರೆ ಈ ಎಣಿಕೆ ನಿಲ್ಲುತ್ತದೆ. ಆದರೂ ಪಠ್ಯದ ಕೊನೆಯ ತನಕ ಓದುವ ಹಟ ಅದಕ್ಕಿಲ್ಲ. ದಿನಾಂಕದ ಹಿಂದೆ ಕಸ ಅಂಟಿಕೊಂಡಿದ್ದರೂ ತನಗೆ ಬೇಕಾದಷ್ಟು ಓದಿ ಸರಿ ಎನ್ನುತ್ತದೆ. ಜೊತೆಗೆ ಒಳಗೊಂದು ಕ್ಯಾಲೆಂಡರ್ ಆಬ್ಜೆಕ್ಟ್ ಇಟ್ಟುಕೊಂಡು ಪಾರ್ಸ್ ಮಾಡುವಾಗ ಅದನ್ನೇ ತಿದ್ದುತ್ತಿರುತ್ತದೆ. ಒಂದೇ ಇನ್‌ಸ್ಟನ್ಸನ್ನು ಸ್ಟಾಟಿಕ್ ಫೀಲ್ಡ್‌ನಲ್ಲಿಟ್ಟು ಹಲವು ಥ್ರೆಡ್‌ಗಳು (ಪ್ರೋಗ್ರಾಂನೊಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಬಳಸಿದರೆ ಒಬ್ಬರ ಅಂಕಿ ಇನ್ನೊಬ್ಬರದಕ್ಕೆ ಸೇರಿಕೊಳ್ಳುತ್ತದೆ. ಲೋಡ್ ಹೆಚ್ಚಿದಾಗ ಮಾತ್ರ ಕಾಣುವ ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್, ಅದರಲ್ಲಿ ‘ಮಲ್ಟಿಪಲ್ ಪಾಯಿಂಟ್ಸ್’ ಎಂಬ ಸಂದೇಶ ಕಂಡರೆ ಮೊದಲು ಹುಡುಕಬೇಕಾದ್ದು ಹಂಚಿಕೊಂಡ ಸಿಂಪಲ್‌ಡೇಟ್‌ಫಾರ್ಮ್ಯಾಟನ್ನೇ. ಎಕ್ಸೆಪ್ಶನ್ ಬಂದವರು ಪುಣ್ಯವಂತರು. ಬರದಿದ್ದಾಗ ಇನ್ನೊಂದು ಥ್ರೆಡ್‌ನ ದಿನಾಂಕ ನಿಮ್ಮ ಕೈ ಸೇರಿರುತ್ತದೆ.

2014ರಲ್ಲಿ ಜಾವಾ 8ರ ಜೊತೆ ಬಂದ ಡೇಟ್‌ಟೈಮ್‌ಫಾರ್ಮ್ಯಾಟರ್ ಈ ತೊಂದರೆಗಳನ್ನು ಬಹುಮಟ್ಟಿಗೆ ನೀಗಿಸಿತು. ಒಮ್ಮೆ ಕಟ್ಟಿದ ಮೇಲೆ ಬದಲಾಗುವುದಿಲ್ಲವಾದ್ದರಿಂದ ಸ್ಟಾಟಿಕ್ ಆಗಿ ನಿಶ್ಚಿಂತೆಯಿಂದ ಇಡಬಹುದು. ಪಠ್ಯ ಪೂರ್ತಿ ಹೊಂದಲೇಬೇಕು. ಎರಡು ಸಣ್ಣ ಡಿ ಬರೆದರೆ ಎರಡೇ ಅಂಕಿ ಬೇಕು, 5 ಎಂದು ಬಂದರೆ ತಿರಸ್ಕಾರ. ಒಂದಂಕಿಯೂ ಎರಡಂಕಿಯೂ ಬರಬಹುದಾದರೆ ಒಂದೇ ಡಿ ಬರೆಯಿರಿ. ಪಠ್ಯ ವರ್ಷ-ತಿಂಗಳು-ದಿನ ಕ್ರಮದ ಐಎಸ್‌ಒ 8601 ರೂಪದಲ್ಲಿದ್ದರೆ ಪ್ಯಾಟರ್ನೇ ಬೇಡ. ಲೋಕಲ್‌ಡೇಟ್‌ನ ಪಾರ್ಸ್‌ಗೆ ನೇರ ಕೊಟ್ಟರೆ ಸಾಕು, ಅದು ಕಟ್ಟುನಿಟ್ಟಾಗಿಯೇ ಓದುತ್ತದೆ.

ಹೊಸದರಲ್ಲೂ ಒಂದು ಬಲೆ ಇದೆ, ತುಂಬ ಜನ ಬೀಳುವಂಥದ್ದು. ಆಫ್‌ಪ್ಯಾಟರ್ನ್ ಮೂಲಕ ಕಟ್ಟಿದ ಫಾರ್ಮ್ಯಾಟರ್ ಡೀಫಾಲ್ಟ್ ಆಗಿ ‘ಸ್ಮಾರ್ಟ್’ ರಿಸಾಲ್ವರ್ ಸ್ಟೈಲ್‌ನಲ್ಲಿರುತ್ತದೆ. ಅದಕ್ಕೆ 31/02/2024 ಕೊಟ್ಟರೆ ಮಾರ್ಚ್‌ಗೂ ಹೋಗುವುದಿಲ್ಲ, ತಿರಸ್ಕರಿಸುವುದೂ ಇಲ್ಲ. ಆ ತಿಂಗಳ ಕೊನೆಯ ದಿನಕ್ಕೆ ಎಳೆದು ಫೆಬ್ರವರಿ 29 ಎನ್ನುತ್ತದೆ. 31/04 ಏಪ್ರಿಲ್ 30 ಆಗುತ್ತದೆ. 32 ಬಂದರೆ ಮಾತ್ರ ಡೇಟ್‌ಟೈಮ್‌ಪಾರ್ಸ್‌ಎಕ್ಸೆಪ್ಶನ್. ಬಳಕೆದಾರ ಟೈಪ್ ಮಾಡಿದ ದಿನವನ್ನು ಹೀಗೆ ತಿದ್ದುವ ಹಕ್ಕು ಪಾರ್ಸರ್‌ಗೆ ಕೊಡಬೇಡಿ. ವಿತ್‌ರಿಸಾಲ್ವರ್‌ಸ್ಟೈಲ್ ಕರೆದು ‘ಸ್ಟ್ರಿಕ್ಟ್’ ಹಾಕಿ.

ಹಾಕಿದ ಕೂಡಲೇ ಸರಿಯಾದ 15/03/2024 ಕೂಡ ಪಾರ್ಸ್ ಆಗುವುದು ನಿಲ್ಲಬಹುದು, ಗಾಬರಿ ಬೇಡ. ಇಸವಿಗೆ ನೀವು ಸಣ್ಣ ವೈ ಬರೆದಿದ್ದೀರಿ. ಅದರ ಅರ್ಥ ‘ಶಕದೊಳಗಿನ ವರ್ಷ’. ಕಟ್ಟುನಿಟ್ಟಿನ ಓದಿನಲ್ಲಿ ಕ್ರಿಸ್ತಪೂರ್ವವೋ ಕ್ರಿಸ್ತಶಕವೋ ಎಂದು ಪಠ್ಯ ಹೇಳಿಲ್ಲವಾದ್ದರಿಂದ ದಿನಾಂಕ ಕಟ್ಟಲು ಅದು ಒಪ್ಪುವುದಿಲ್ಲ. ದೋಷ ಸಂದೇಶದಲ್ಲಿ ‘ಇಯರ್‌ಆಫ್‌ಈರಾ’ ಎಂಬ ಪದ ಕಾಣುತ್ತದೆ, ಅದೇ ಗುರುತು. ವೈ ತೆಗೆದು ನಾಲ್ಕು ಸಣ್ಣ ಯು ಬರೆಯಿರಿ, ಸರಿಹೋಗುತ್ತದೆ. ಸ್ಟ್ರಿಕ್ಟ್ ಮತ್ತು ಯು ಯಾವಾಗಲೂ ಜೋಡಿ ಎಂದು ನೆನಪಿಡಿ.

ಅಕ್ಷರದ ಗಾತ್ರದ ತಪ್ಪುಗಳೂ ಇಲ್ಲೇ ಬರಲಿ. ದೊಡ್ಡ ಎಂ ತಿಂಗಳು, ಸಣ್ಣ ಎಂ ನಿಮಿಷ. ಸಿಂಪಲ್‌ಡೇಟ್‌ಫಾರ್ಮ್ಯಾಟ್‌ನಲ್ಲಿ ತಿಂಗಳ ಜಾಗದಲ್ಲಿ ಸಣ್ಣ ಎಂ ಬರೆದು 2024-03-15 ಕೊಟ್ಟರೆ ಜನವರಿ 15, ಮಧ್ಯರಾತ್ರಿ ಕಳೆದು ಮೂರು ನಿಮಿಷ ಬರುತ್ತದೆ. ಎಲ್ಲ ದಿನಾಂಕಗಳೂ ಜನವರಿಯಲ್ಲೇ ಬಿದ್ದಿದ್ದರೆ ಕಾರಣ ಇದು. ದೊಡ್ಡ ಡಿ ವರ್ಷದ ಎಷ್ಟನೇ ದಿನ ಎಂಬುದು. ದೊಡ್ಡ ವೈ ವಾರ ಆಧಾರಿತ ವರ್ಷ: ವರ್ಷವಿಡೀ ಸರಿಯಾಗಿದ್ದು 2024ರ ಡಿಸೆಂಬರ್ 31ನ್ನು 2025 ಎಂದು ಮುದ್ರಿಸುತ್ತದೆ, ಆ ದಿನ ಹೊಸ ವರ್ಷದ ಮೊದಲ ವಾರಕ್ಕೆ ಸೇರುವುದರಿಂದ. ದೊಡ್ಡ ಎಚ್ 0ರಿಂದ 23ರ ಗಂಟೆ. ಸಣ್ಣ ಎಚ್ 1ರಿಂದ 12ರ ಗಂಟೆ, ಅದರ ಜೊತೆ ಬೆಳಗ್ಗೆ–ಸಂಜೆಯ ಗುರುತು ಇಲ್ಲದಿದ್ದರೆ ಲೋಕಲ್‌ಡೇಟ್‌ಟೈಮ್ ಕಟ್ಟಲಾಗುವುದಿಲ್ಲ.

ಹಳೆಯ ಲೈಬ್ರರಿಯೊಂದು ಡೇಟ್ ಆಬ್ಜೆಕ್ಟನ್ನೇ ಕೇಳಿದರೆ ಪಾರ್ಸಿಂಗ್ ಹೊಸದರಲ್ಲಿ ಮುಗಿಸಿ, ಅಂಚಿನಲ್ಲಿ ಮಾತ್ರ ಬದಲಿಸಿ: ಲೋಕಲ್‌ಡೇಟ್‌ನ ಅಟ್‌ಸ್ಟಾರ್ಟ್‌ಆಫ್‌ಡೇಗೆ ಝೋನ್ ಕೊಟ್ಟು, ಅದರಿಂದ ಇನ್‌ಸ್ಟಂಟ್ ತೆಗೆದು, ಡೇಟ್‌ನ ಫ್ರಮ್ ಮೆಥಡ್‌ಗೆ ದಾಟಿಸಿ. ಡೇಟಾಬೇಸ್‌ಗಾದರೆ ಜೆಡಿಬಿಸಿ 4.2ರಿಂದ ಲೋಕಲ್‌ಡೇಟನ್ನು ಸೆಟ್‌ಆಬ್ಜೆಕ್ಟ್‌ಗೆ ನೇರ ಕೊಡಬಹುದು, ಬದಲಿಸುವ ಗೋಜೇ ಇಲ್ಲ.

ಸಿ ಶಾರ್ಪ್: ನಾಲ್ಕು ಮೆಥಡ್, ಒಂದು ಸರಿ

ಡೇಟ್‌ಟೈಮ್‌ನಲ್ಲಿ ಪಾರ್ಸ್, ಟ್ರೈಪಾರ್ಸ್, ಪಾರ್ಸ್‌ಎಕ್ಸಾಕ್ಟ್, ಟ್ರೈಪಾರ್ಸ್‌ಎಕ್ಸಾಕ್ಟ್ ಎಂದು ನಾಲ್ಕಿವೆ. ‘ಟ್ರೈ’ ಇದ್ದರೆ ಎಕ್ಸೆಪ್ಶನ್ ಬದಲು ಬೂಲಿಯನ್ ಬರುತ್ತದೆ, ‘ಎಕ್ಸಾಕ್ಟ್’ ಇದ್ದರೆ ಫಾರ್ಮ್ಯಾಟ್ ನೀವು ಹೇಳಿದ್ದೇ. ಎಕ್ಸಾಕ್ಟ್ ಇಲ್ಲದ ಎರಡೂ ಓಡುತ್ತಿರುವ ಥ್ರೆಡ್‌ನ ಕಲ್ಚರ್ (ಭಾಷೆ, ಪ್ರದೇಶದ ಸೆಟ್ಟಿಂಗ್) ನೋಡಿ ಊಹಿಸುತ್ತವೆ. ಡೆವಲಪರ್ ಯಂತ್ರದಲ್ಲಿ 03/04/2024 ಏಪ್ರಿಲ್ ಆಗಿದ್ದು, ಅಮೆರಿಕನ್ ಇಂಗ್ಲಿಷ್ ಸೆಟ್ಟಿಂಗಿನ ಸರ್ವರ್‌ನಲ್ಲಿ ಮಾರ್ಚ್ ಆಗುವುದು ಹೀಗೆ. ಕಲ್ಚರ್ ಥಾಯ್ ಆಗಿದ್ದರೆ 2024ನ್ನು ಬೌದ್ಧ ಪಂಚಾಂಗದ ಇಸವಿ ಎಂದೇ ತಿಳಿದು 543 ಕಳೆದು 1481 ಮಾಡುತ್ತದೆ. ಪಾರ್ಸ್‌ಗೆ ಬರೀ 10:30 ಕೊಟ್ಟರೂ ಇವತ್ತಿನ ದಿನಾಂಕ ಸೇರಿಸಿಕೊಂಡು ಸುಮ್ಮನಾಗುತ್ತದೆ.

ಹೊರಗಿನಿಂದ ಬರುವ ಡೇಟಾಗೆ ಟ್ರೈಪಾರ್ಸ್‌ಎಕ್ಸಾಕ್ಟ್ ಬಳಸಿ, ಕಲ್ಚರ್ ಜಾಗದಲ್ಲಿ ಯಾವ ದೇಶಕ್ಕೂ ಸೇರದ ಇನ್‌ವೇರಿಯಂಟ್‌ಕಲ್ಚರ್ ಕೊಡಿ. ಇದನ್ನು ಬಿಡಬಾರದು ಎನ್ನಲು ಒಂದು ಸೂಕ್ಷ್ಮ ಕಾರಣವಿದೆ. ಫಾರ್ಮ್ಯಾಟ್‌ನೊಳಗಿನ ಓರೆಗೆರೆ ಓರೆಗೆರೆಯಾಗಿ ಉಳಿಯುವುದಿಲ್ಲ, ‘ಆ ಕಲ್ಚರ್‌ನ ದಿನಾಂಕ ವಿಭಜಕ’ ಎಂಬ ಅರ್ಥ ಪಡೆಯುತ್ತದೆ. ಜರ್ಮನ್ ಕಲ್ಚರ್‌ನಲ್ಲಿ ಅದು ಚುಕ್ಕಿ. ಆಗ ಅಕ್ಷರಕ್ಕೆ ಅಕ್ಷರ ಹೊಂದುವಂತೆ ಕಾಣುವ 15/03/2024 ಕೂಡ ವಿಫಲವಾಗುತ್ತದೆ, ಕೋಡ್ ನೋಡುತ್ತ ಕೂತವರಿಗೆ ಕಾರಣವೇ ಹೊಳೆಯುವುದಿಲ್ಲ.

ಟ್ರೈ ಮೆಥಡ್ ಹಿಂದಿರುಗಿಸಿದ ಬೂಲಿಯನ್ ನೋಡದೆ ಮುಂದೆ ಹೋದರೆ ಔಟ್ ವೇರಿಯಬಲ್‌ನಲ್ಲಿ 0001ನೇ ಇಸವಿಯ ಜನವರಿ 1 ಇರುತ್ತದೆ. ವರದಿಗಳಲ್ಲಿ ಆ ದಿನಾಂಕ ಕಂಡರೆ ಯಾರೋ ಆ ಉತ್ತರವನ್ನು ನೋಡಿಲ್ಲ ಎಂದೇ ಅರ್ಥ. ಇನ್ನು ಕೊನೆಯಲ್ಲಿ ಯುಟಿಸಿ ಸೂಚಿಸುವ ಝಡ್ ಇರುವ ಪಠ್ಯವನ್ನು ಪಾರ್ಸ್ ಮೆಥಡ್ ಯಂತ್ರದ ಸ್ಥಳೀಯ ಸಮಯಕ್ಕೆ ಬದಲಿಸಿಬಿಡುತ್ತದೆ. ಅದು ಬೇಡವಾದರೆ ಡೇಟ್‌ಟೈಮ್‌ಸ್ಟೈಲ್ಸ್‌ನ ರೌಂಡ್‌ಟ್ರಿಪ್‌ಕೈಂಡ್ ಕೊಡಿ, ಅಥವಾ ಡೇಟ್‌ಟೈಮ್‌ಆಫ್‌ಸೆಟ್ ಆರಿಸಿ. ನಮ್ಮ ಒಲವು ಎರಡನೆಯದರ ಕಡೆ. ಗಂಟೆ ಇಲ್ಲದ ದಿನಾಂಕಕ್ಕೆ ಡಾಟ್‌ನೆಟ್ 6ರಿಂದ ಡೇಟ್‌ಓನ್ಲಿ ಇದೆ, ಅದಕ್ಕೂ ಟ್ರೈಪಾರ್ಸ್‌ಎಕ್ಸಾಕ್ಟ್ ಇದೆ.

ಪೈಥಾನ್

ಮೂರು ದಾರಿಗಳಿವೆ. ಐಎಸ್‌ಒ ರೂಪದ ಪಠ್ಯಕ್ಕೆ ಫ್ರಮ್‌ಐಸೊಫಾರ್ಮ್ಯಾಟ್. ಇದು 3.7ರಲ್ಲಿ ಬಂತು, ಆದರೆ ಕೊನೆಯ ಝಡ್ ಅರ್ಥವಾಗತೊಡಗಿದ್ದು 3.11ರಿಂದ. ನಿಮ್ಮ ಯಂತ್ರದಲ್ಲಿ ಓಡಿದ್ದು ಹಳೆಯ ಆವೃತ್ತಿಯ ಸರ್ವರ್‌ನಲ್ಲಿ ವ್ಯಾಲ್ಯೂಎರರ್ ಕೊಟ್ಟರೆ ಮೊದಲು ಆವೃತ್ತಿ ನೋಡಿ. ಬೇರೆ ಯಾವುದೇ ನಿಗದಿತ ರೂಪಕ್ಕೆ ಸ್ಟ್ರ್‌ಪಿಟೈಮ್. ಇಲ್ಲದ ದಿನವನ್ನು ಒಪ್ಪುವುದಿಲ್ಲ, ಹಿಂದೆ ಕಸ ಉಳಿದರೂ ಒಪ್ಪುವುದಿಲ್ಲ, 3/4/2024ರಂಥ ಒಂದಂಕಿಯನ್ನು ಮಾತ್ರ ಒಪ್ಪುತ್ತದೆ. ಹೆಚ್ಚಿನ ಕೆಲಸಕ್ಕೆ ಇದೇ ಸಾಕು.

ಮೂರನೆಯದು ಡೇಟ್‌ಯುಟಿಲ್ ಎಂಬ ಲೈಬ್ರರಿಯ ಪಾರ್ಸರ್. ಫಾರ್ಮ್ಯಾಟ್ ಹೇಳದೆಯೇ ಏನು ಕೊಟ್ಟರೂ ಓದುತ್ತದೆ, ಅದೇ ಅದರ ಆಕರ್ಷಣೆ, ಅದೇ ಅಪಾಯ. ಮೊದಲ ಅಂಕಿ ತಿಂಗಳು ಎಂದು ಹಿಡಿದು ಹೊರಡುತ್ತದೆ, ಅದು 12 ದಾಟಿದರೆ ತಾನಾಗಿಯೇ ದಿನ ಎಂದು ತಿರುಗಿಸಿಕೊಳ್ಳುತ್ತದೆ. ಒಂದೇ ಕಾಲಂನಲ್ಲಿ 12/04/2024, 13/04/2024 ಎಂದು ಎರಡು ಸಾಲುಗಳಿದ್ದರೆ ಮೊದಲನೆಯದು ಡಿಸೆಂಬರ್ 4, ಎರಡನೆಯದು ಏಪ್ರಿಲ್ 13. ಅಕ್ಕಪಕ್ಕದ ದಿನಗಳ ನಡುವೆ ಎಂಟು ತಿಂಗಳ ಅಂತರ! ‘ದಿನ ಮೊದಲು’ ಎನ್ನುವ ಡೇಫಸ್ಟ್ ಆಯ್ಕೆಯನ್ನು ಟ್ರೂ ಮಾಡಿದರೂ ಅದು ಬರೀ ಒಲವು, ಕಟ್ಟಳೆ ಆಗುವುದಿಲ್ಲ. ಆಗ 03/13/2024ನ್ನು ಮಾರ್ಚ್ 13 ಎಂದು ಓದುತ್ತದೆ. ಇಲ್ಲದ ಭಾಗಗಳನ್ನು ಇವತ್ತಿನ ದಿನಾಂಕದಿಂದ ತುಂಬಿಸಿಕೊಳ್ಳುತ್ತದೆ. ಮನುಷ್ಯನೊಬ್ಬ ಕೂತು ಫಲಿತಾಂಶವನ್ನು ಕಣ್ಣಿಂದ ನೋಡುವ ಒಂದು ಸಲದ ಕೆಲಸಕ್ಕೆ ಇದು ಸರಿ. ರಾತ್ರಿ ತಾನೇ ಓಡುವ ಜಾಬ್‌ಗೆ ಖಂಡಿತ ಬೇಡ.

ಜಾವಾದಿಂದ ಇಲ್ಲಿಗೆ ಬರುವವರು ಎಡವುವ ಜಾಗ: ಪೈಥಾನ್‌ನಲ್ಲಿ ಶೇಕಡಾ ಚಿಹ್ನೆಯ ಮುಂದಿನ ಸಣ್ಣ ಎಂ ತಿಂಗಳು, ದೊಡ್ಡ ಎಂ ನಿಮಿಷ. ಪೂರ್ತಿ ತಿರುಗುಮುರುಗು. ಪಿಎಚ್‌ಪಿಯಲ್ಲಿ ಸಣ್ಣ ಎಂ ತಿಂಗಳು, ದೊಡ್ಡ ಎಂ ತಿಂಗಳ ಮೂರಕ್ಷರದ ಹೆಸರು, ನಿಮಿಷಕ್ಕೆ ಐ. ಪ್ಯಾಟರ್ನ್‌ಗಳನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ನಕಲು ಮಾಡುವ ಅಭ್ಯಾಸವನ್ನೇ ಬಿಡಿ.

ವರ್ಷವಿಲ್ಲದೆ ದಿನ, ತಿಂಗಳು ಮಾತ್ರ ಓದಿಸಿದರೆ ಸ್ಟ್ರ್‌ಪಿಟೈಮ್ 1900 ಎಂದು ಇಟ್ಟುಕೊಳ್ಳುತ್ತದೆ. 1900 ಅಧಿಕ ವರ್ಷವಲ್ಲ, ಆದ್ದರಿಂದ 29/02 ಬಂದ ದಿನ ಪ್ರೋಗ್ರಾಂ ಮುರಿದು ಬೀಳುತ್ತದೆ. ಪಠ್ಯಕ್ಕೆ ಮೊದಲೇ ವರ್ಷ ಅಂಟಿಸಿ, ಆಮೇಲೆ ಓದಿಸಿ.

ಜಾವಾಸ್ಕ್ರಿಪ್ಟ್, ಪಿಎಚ್‌ಪಿ: ಚುಟುಕಾಗಿ

ಜಾವಾಸ್ಕ್ರಿಪ್ಟ್‌ನ ಡೇಟ್ ಕನ್‌ಸ್ಟ್ರಕ್ಟರ್‌ಗೆ ಸ್ಟ್ರಿಂಗ್ ಕೊಡುವುದನ್ನು, ಆಫ್‌ಸೆಟ್ ಸಮೇತ ಪೂರ್ಣ ಐಎಸ್‌ಒ ಪಠ್ಯಕ್ಕೆ ಮಾತ್ರ ಸೀಮಿತಗೊಳಿಸಿ. 2024-03-15 ಎಂದು ಬರೀ ದಿನಾಂಕ ಕೊಟ್ಟರೆ ಯುಟಿಸಿ ಮಧ್ಯರಾತ್ರಿ, ಅದಕ್ಕೇ ಆಫ್‌ಸೆಟ್ ಇಲ್ಲದೆ ಗಂಟೆ ಸೇರಿಸಿದರೆ ಸ್ಥಳೀಯ ಸಮಯ. ಓರೆಗೆರೆಯ ರೂಪಗಳಿಗೆ ಭಾಷೆಯ ನಿರ್ದಿಷ್ಟ ನಿಯಮವೇ ಇಲ್ಲ, ಆಯಾ ಎಂಜಿನ್‌ಗೆ ಬಿಟ್ಟದ್ದು. ವಿಫಲವಾದರೆ ಎಕ್ಸೆಪ್ಶನ್ ಬರುವುದಿಲ್ಲ, ‘ಇನ್‌ವ್ಯಾಲಿಡ್ ಡೇಟ್’ ಎಂಬ ಆಬ್ಜೆಕ್ಟ್ ಬರುತ್ತದೆ. ಗೆಟ್‌ಟೈಮ್ ಉತ್ತರ ‘ನಾಟ್ ಎ ನಂಬರ್’ ಆಗಿದೆಯೇ ಎಂದು ನೀವೇ ನೋಡಬೇಕು. ದಿನ, ತಿಂಗಳು, ವರ್ಷವನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ ಬಿಡಿಸಿ ಅಂಕಿಗಳಾಗಿ ಕೊಡುವುದು ಮೇಲು. ಆಗ ತಿಂಗಳಿಂದ 1 ಕಳೆಯಿರಿ, ಅಲ್ಲಿ ಜನವರಿ ಎಂದರೆ 0. ಕಟ್ಟಿದ ಆಬ್ಜೆಕ್ಟ್‌ನಿಂದ ದಿನ, ತಿಂಗಳನ್ನು ವಾಪಸ್ ಕೇಳಿ, ಕೊಟ್ಟದ್ದೇ ಬಂತೇ ಎಂದು ಹೋಲಿಸಿದರೆ ಫೆಬ್ರವರಿ 31 ಸಿಕ್ಕಿಬೀಳುತ್ತದೆ. ಲೈಬ್ರರಿ ಬೇಕಾದರೆ ಲಕ್ಸನ್‌ನ ಫ್ರಮ್‌ಫಾರ್ಮ್ಯಾಟ್ ಒಳ್ಳೆಯದು. ಮೊಮೆಂಟ್ 2020ರಿಂದ ಬರೀ ನಿರ್ವಹಣೆಯ ಸ್ಥಿತಿಯಲ್ಲಿದೆ. ಹಳೆಯ ಕೋಡಿನಲ್ಲಿ ಅದೇ ಇದ್ದರೆ ಸ್ಟ್ರಿಕ್ಟ್ ಸೂಚಿಸುವ ಆರ್ಗ್ಯುಮೆಂಟ್ ಕೊಡಲು ಮರೆಯಬೇಡಿ.

ಪಿಎಚ್‌ಪಿಯ ಸ್ಟ್ರ್‌ಟುಟೈಮ್ ವಿಭಜಕ ನೋಡಿ ಕ್ರಮ ತೀರ್ಮಾನಿಸುತ್ತದೆ: ಓರೆಗೆರೆ ಇದ್ದರೆ ತಿಂಗಳು ಮೊದಲು, ಅಡ್ಡಗೆರೆ ಇದ್ದರೆ ದಿನ ಮೊದಲು. ಅಂದರೆ 03/04/2024 ಮಾರ್ಚ್, 03-04-2024 ಏಪ್ರಿಲ್. ಬದಲಿಗೆ ಡೇಟ್‌ಟೈಮ್‌ಇಮ್ಯೂಟಬಲ್‌ನ ಕ್ರಿಯೇಟ್‌ಫ್ರಮ್‌ಫಾರ್ಮ್ಯಾಟ್ ಬಳಸಿ. ಫಾರ್ಮ್ಯಾಟ್‌ನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕದಿದ್ದರೆ ಈ ಹೊತ್ತಿನ ಗಂಟೆ ನಿಮಿಷ ಸೇರಿಕೊಂಡು, ಒಂದೇ ದಿನದ ಎರಡು ಆಬ್ಜೆಕ್ಟ್‌ಗಳು ಸಮ ಅಲ್ಲ ಎನ್ನಿಸುತ್ತವೆ. ಫೆಬ್ರವರಿ 31ನ್ನು ಇದೂ ಮಾರ್ಚ್‌ಗೆ ತಳ್ಳುತ್ತದೆ, ಗೆಟ್‌ಲಾಸ್ಟ್‌ಎರರ್ಸ್‌ನಲ್ಲಿ ಎಚ್ಚರಿಕೆ ಮಾತ್ರ ಇಡುತ್ತದೆ. ಅದನ್ನು ಪ್ರತಿ ಸಲ ನೋಡಿ.

ಫಾರ್ಮ್ಯಾಟ್ ಯಾವುದೆಂದೇ ಗೊತ್ತಿಲ್ಲದ ಕಡತ

‘ಮೊದಲು ದಿನ-ತಿಂಗಳು ಪ್ರಯತ್ನಿಸು, ಆಗದಿದ್ದರೆ ತಿಂಗಳು-ದಿನ’ ಎಂದು ಸಾಲು ಸಾಲಿಗೂ ಎರಡು ಪ್ಯಾಟರ್ನ್ ಓಡಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಮೇಲೆ ಡೇಟ್‌ಯುಟಿಲ್‌ನಲ್ಲಿ ಕಂಡ ಕಾಯಿಲೆಯನ್ನೇ ಅದು ಕೈಯಾರೆ ಬರೆದಂತೆ. ತೀರ್ಮಾನ ಸಾಲಿಗೆ ಒಂದಾಗಬಾರದು, ಇಡೀ ಕಡತಕ್ಕೆ ಒಂದಿರಬೇಕು. ಕಾಲಂ ಪೂರ್ತಿ ಒಮ್ಮೆ ಓದಿ. ಮೊದಲ ಅಂಕಿ ಎಲ್ಲಾದರೂ 12 ದಾಟಿದೆಯೇ, ಎರಡನೆಯದು ಎಲ್ಲಾದರೂ ದಾಟಿದೆಯೇ ಎಂದು ಎಣಿಸಿ. ಮೊದಲನೆಯದು ಮಾತ್ರ ದಾಟಿದ್ದರೆ ಕಡತವೆಲ್ಲ ದಿನ ಮೊದಲು, ಎರಡನೆಯದು ಮಾತ್ರ ದಾಟಿದ್ದರೆ ತಿಂಗಳು ಮೊದಲು. ಎರಡೂ ದಾಟಿದ್ದರೆ ಎರಡು ಮೂಲಗಳ ಡೇಟಾ ಬೆರೆತಿದೆ, ಕಡತವನ್ನೇ ವಾಪಸ್ ಕಳಿಸಿ. ಒಂದೂ ದಾಟದಿದ್ದರೆ ಕಳಿಸಿದವರನ್ನು ಕೇಳಿ, ಬೇರೆ ದಾರಿ ಇಲ್ಲ.

ಕೆಲವೊಮ್ಮೆ 45366ರಂಥ ಅಂಕಿ ಬರುತ್ತದೆ. ಎಕ್ಸೆಲ್‌ನಿಂದ ಬಂದ ಕಡತವಾದರೆ ಅದು ಕ್ರಮಸಂಖ್ಯೆ: 1899ರ ಡಿಸೆಂಬರ್ 30ಕ್ಕೆ ಅಷ್ಟು ದಿನ ಸೇರಿಸಿದರೆ 2024ರ ಮಾರ್ಚ್ 15. ಹತ್ತು ಅಂಕಿಯ ಸಂಖ್ಯೆಯಾದರೆ 1970ರಿಂದ ಎಣಿಸಿದ ಸೆಕೆಂಡು, ಹದಿಮೂರಾದರೆ ಮಿಲಿಸೆಕೆಂಡು ಇರಬೇಕು. ಸೆಕೆಂಡನ್ನು ಮಿಲಿಸೆಕೆಂಡು ಎಂದು ಓದಿದರೆ ಎಲ್ಲ ದಿನಾಂಕವೂ 1970ರ ಜನವರಿಯಲ್ಲಿ ಬಂದು ಬೀಳುತ್ತದೆ.

ಎರಡಂಕಿಯ ವರ್ಷ, ತಿಂಗಳ ಹೆಸರು

70 ಎಂದರೆ 1970ಓ 2070ಓ? ಪೈಥಾನ್ 69ರಿಂದ 99ರವರೆಗೆ 1900ರ ಸಾಲಿಗೆ, 0ಯಿಂದ 68ರವರೆಗೆ 2000ದ ಸಾಲಿಗೆ ಸೇರಿಸುತ್ತದೆ. ಡೇಟ್‌ಟೈಮ್‌ಫಾರ್ಮ್ಯಾಟರ್ ಎಲ್ಲವನ್ನೂ 2000ರಿಂದ 2099ರೊಳಗೆ ಹಾಕುತ್ತದೆ. ಸಿಂಪಲ್‌ಡೇಟ್‌ಫಾರ್ಮ್ಯಾಟ್ ಆಬ್ಜೆಕ್ಟ್ ಕಟ್ಟಿದ ಕ್ಷಣದಿಂದ 80 ವರ್ಷ ಹಿಂದೆ, 20 ವರ್ಷ ಮುಂದೆ ನೋಡುತ್ತದೆ. ಹಳೆಯದರಿಂದ ಹೊಸದಕ್ಕೆ ಬದಲಿಸುವಾಗ ಹಿರಿಯರ ಜನ್ಮದಿನಗಳು ಮುಂದಿನ ದಶಕಗಳಿಗೆ ಹಾರುವುದು ಇದರಿಂದಲೇ. ಜಾವಾದಲ್ಲಿ ಡೇಟ್‌ಟೈಮ್‌ಫಾರ್ಮ್ಯಾಟರ್‌ಬಿಲ್ಡರ್‌ನ ಅಪೆಂಡ್‌ವ್ಯಾಲ್ಯೂರಿಡ್ಯೂಸ್ಡ್ ಮೂಲಕ ಆಧಾರ ವರ್ಷವನ್ನು ನೀವೇ ನಿಗದಿಪಡಿಸಬಹುದು.

ಹೆಸರಿನಲ್ಲಿ ಬರೆದ ತಿಂಗಳಿಗೆ ಲೊಕೇಲ್ (ಭಾಷೆ, ಪ್ರದೇಶದ ಗುರುತು) ಸ್ಪಷ್ಟವಾಗಿ ಕೊಡಲೇಬೇಕು. ಕೊಟ್ಟ ಮೇಲೂ ಹೆಸರುಗಳ ಪಟ್ಟಿ ಬದಲಾಗಬಹುದು: ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಸೆಪ್ಟೆಂಬರ್‌ನ ಸಂಕ್ಷೇಪ ಜಾವಾ 16ರಿಂದ ಮೂರಕ್ಷರದ ಬದಲು ನಾಲ್ಕಕ್ಷರವಾಯಿತು. ಹನ್ನೊಂದು ತಿಂಗಳು ಸರಿಯಾಗಿದ್ದ ಪಾರ್ಸಿಂಗ್ ಸೆಪ್ಟೆಂಬರ್‌ನಲ್ಲಿ ಮಾತ್ರ ಕೆಡುತ್ತಿದ್ದರೆ ಇಲ್ಲಿ ನೋಡಿ. ಜಾವಾ 20ರಿಂದ ಅಮೆರಿಕನ್ ಸಮಯ ರೂಪದಲ್ಲಿ ನಿಮಿಷಕ್ಕೂ ಎಎಂ–ಪಿಎಂಗೂ ನಡುವೆ ಮಾಮೂಲಿ ಸ್ಪೇಸ್ ಬದಲು, ಸಾಲು ಮುರಿಯದ ಕಿರಿದಾದ ಸ್ಪೇಸ್ ಬಂದಿದೆ. ಕಣ್ಣಿಗೆ ವ್ಯತ್ಯಾಸ ಕಾಣದು, ಪಾರ್ಸರ್‌ಗೆ ಕಾಣುತ್ತದೆ.

ವಿಫಲವಾದಾಗ

ಕ್ಯಾಚ್ ಬ್ಲಾಕ್‌ನಲ್ಲಿ ಇವತ್ತಿನ ದಿನಾಂಕ ತುಂಬುವುದು ಅತಿ ಕೆಟ್ಟ ಪರಿಹಾರ. ಸಾಲಿನ ಸಂಖ್ಯೆ, ಬಂದ ಮೂಲ ಪಠ್ಯ, ನಿರೀಕ್ಷಿಸಿದ ಫಾರ್ಮ್ಯಾಟ್ ಮೂರನ್ನೂ ಲಾಗ್‌ಗೆ ಬರೆಯಿರಿ. ಮೂಲ ಪಠ್ಯವನ್ನು ಉದ್ಧರಣ ಚಿಹ್ನೆಯೊಳಗೆ ಇಡಿ, ಹಿಂದೆ ಮುಂದೆ ಅಂಟಿದ ಸ್ಪೇಸ್ ಆಗ ತಾನೇ ಕಾಣುವುದು. ಜಾವಾದ ಡೇಟ್‌ಟೈಮ್‌ಪಾರ್ಸ್‌ಎಕ್ಸೆಪ್ಶನ್ ಎಷ್ಟನೇ ಅಕ್ಷರದಲ್ಲಿ ನಿಂತಿತೆಂದು ಗೆಟ್‌ಎರರ್‌ಇಂಡೆಕ್ಸ್ ಮೂಲಕ ಹೇಳುತ್ತದೆ, ಅದನ್ನೂ ಸೇರಿಸಿ. ಇದು ಅನ್‌ಚೆಕ್ಡ್ ಎಕ್ಸೆಪ್ಶನ್ ಎಂಬುದು ಗಮನದಲ್ಲಿರಲಿ. ಹಳೆಯ ಪಾರ್ಸ್‌ಎಕ್ಸೆಪ್ಶನ್‌ನಂತೆ ಕಂಪೈಲರ್ ಇದನ್ನು ನೆನಪಿಸುವುದಿಲ್ಲ.

ನೀವು ಆರಿಸಿದ್ದನ್ನು ಒಪ್ಪುವ ಮೊದಲು ಈ ಪಠ್ಯಗಳನ್ನು ಅದಕ್ಕೆ ಉಣಿಸಿ ನೋಡಿ: 29/02/2024 ಒಪ್ಪಬೇಕು, 29/02/2023 ತಿರಸ್ಕರಿಸಬೇಕು. 31/04/2024, 00/01/2024, 15/13/2024, 15/03/24, 15-03-2024, ಕೊನೆಯಲ್ಲಿ ಒಂದು ಸ್ಪೇಸ್ ಇರುವ 15/03/2024, ಖಾಲಿ ಸ್ಟ್ರಿಂಗ್ ಇವೆಲ್ಲ ತಿರಸ್ಕೃತವಾಗಬೇಕು. 31/12/2024 ಓದಿಸಿ, ಅದೇ ಪ್ಯಾಟರ್ನ್‌ನಿಂದ ವಾಪಸ್ ಮುದ್ರಿಸಿದರೆ ಅದೇ ಹತ್ತು ಅಕ್ಷರಗಳು ಬರಬೇಕು. ಆಮೇಲೆ ಯಂತ್ರದ ಲೊಕೇಲ್, ಟೈಮ್‌ಝೋನ್ ಎರಡನ್ನೂ ಬದಲಿಸಿ ಇಡೀ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸಿ.